ಸಂಜೆಗೆ ಇಳಿಸಿದ ಧ್ವಜ

ಸಿಂದಗಿ
ಬುಧವಾರ, ೧೨ ನವೆಂಬರ್ ೨೦೨೫

ಪ್ರೀತಿಯ ಮಂಜರಿ ಅಕ್ಕಾ,

ತಮ್ಮ ಶ್ರೀನಿವಾಸನ ನಮಸ್ಕಾರ. ನಿನ್ನ ಮೊಣಕಾಲು ಹೇಗಿದೆ? ಸೊಲ್ಲಾಪುರದ ಡಾಕ್ಟರು ಹೇಳಿದಂತೆ ಮೆಟ್ಟಿಲು ಹತ್ತುವುದನ್ನು ಬಿಟ್ಟಿದ್ದೀಯೋ, ತುಳಸಿಗೆ ನೀರು ಹಾಕುವ ನೆಪದಲ್ಲಿ ಇನ್ನೂ ಮೇಲೆ ಹೋಗುತ್ತೀಯೋ? ಭಾವನವರ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ ಎಂದುಕೊಂಡಿದ್ದೇನೆ. ಇಲ್ಲಿ ನಾವೆಲ್ಲ ಕ್ಷೇಮ. ತೊಗರಿ ಹೂ ಬಿಟ್ಟಿದೆ, ಬೆಳಗಿನ ಚಳಿ ಶುರುವಾಗಿದೆ, ಕಾಲೇಜಿನಲ್ಲಿ ಪರೀಕ್ಷೆ ನಡೆದಿದೆ. ಫೋನಿನಲ್ಲಿ ಹೇಳಬಹುದಾದದ್ದನ್ನು ಬರೆಯುತ್ತಿದ್ದಾನೆಂದು ನಗಬೇಡ. ಫೋನಿನಲ್ಲಿ ನೀನು ನನಗೆ ಒಂದು ಮಾತನ್ನೂ ಮುಗಿಸಲು ಬಿಡುವುದಿಲ್ಲ. ಚಿಕ್ಕಂದಿನಿಂದಲೂ ಹಾಗೆಯೇ, ಅದಕ್ಕೆ ನನ್ನ ತಕರಾರಿಲ್ಲ.

ನಿನ್ನ ಪಾಲಿಗೆ ಬಂದ ಪಕ್ಕದ ಮನೆಯ ವಿಷಯ. ಬಾಡಿಗೆಗಿರುವ ದಾವಲಮಲಿಕ ಮಾಸ್ತರರನ್ನು ಬಿಡಿಸು ಎಂದು ನೀನು ಆಗಸ್ಟಿನಲ್ಲಿ ಹೇಳಿದೆ, ದೀಪಾವಳಿಗೆ ಮತ್ತೆ ಹೇಳಿದೆ. ನಾನು ಎರಡು ಸಲವೂ ಹೂಂ ಎಂದೆ, ಅವರಿಗೆ ಮಾತ್ರ ಏನೂ ಹೇಳಲಿಲ್ಲ. ಎಲ್ಲ ಶುರುವಾದದ್ದು ಓಣಿಯ ವಾಟ್ಸಾಪ್ ಗುಂಪಿಗೆ ಮಾಳಿಂಗ ಹಾಕಿದ ಫೋಟೋದಿಂದ. ಮೂಲೆಯ ಔಷಧ ಅಂಗಡಿಯ ಮಾಳಿಂಗ, ನಿನಗೆ ಗೊತ್ತು. ಸ್ವಾತಂತ್ರ್ಯ ದಿನದ ಸಂಜೆ, ಸಾಲು ಮಾಳಿಗೆಗಳು, ಎಲ್ಲದರ ಮೇಲೂ ಧ್ವಜ, ನಿನ್ನ ಮನೆಯ ಮೇಲೆ ಮಾತ್ರ ಬರೀ ಬಿದಿರು. ಕೆಳಗೆ ಅವನು ಏನೂ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. "ನಮ್ಮ ಮನಿ ಮ್ಯಾಲ ಯಾಕಿಲ್ಲೋ? ಮಂದಿಗೆ ಮಾರಿ ಹೆಂಗ ತೋರಸ್ಲಿ? ಬಿಡಸು ಅವರನ್ನ," ಎಂದೆ ನೀನು. ನನ್ನ ಕಣ್ಣೂ ಮೊದಲು ಆ ಬೋಳು ಬಿದಿರಿಗೇ ಹೋಗಿತ್ತು. ಅಷ್ಟು ಧ್ವಜಗಳಿದ್ದವು, ಅವುಗಳಲ್ಲಿ ಒಂದನ್ನೂ ನಾನು ನೋಡಲಿಲ್ಲ. ಬೆಳಗ್ಗೆ ಓಣಿಯವರೆಲ್ಲ ಸೇರಿ ಹಾಡಿದಾಗ ಎದೆ ಬೆಚ್ಚಗಾದದ್ದು ನಿಜ. ಸಂಜೆಗೆ ಅದೇ ಎದೆ ಯಾರು ಹೊರಗಿದ್ದಾರೆಂದು ಹುಡುಕುತ್ತಿತ್ತು. ಇವೆರಡು ಬೇರೆ ಬೇರೆಯೋ, ಒಂದರ ಬೆನ್ನಿಗೆ ಇನ್ನೊಂದು ಬಂದೇ ಬರುತ್ತದೆಯೋ, ನನಗೆ ಬಗೆಹರಿದಿಲ್ಲ.

ಮರುದಿನ ಹೋಗಿ ಕೇಳಿದೆ. ಮಾಸ್ತರರು ಯಂಕಂಚಿಯ ಕಡೆ ಡ್ರಿಲ್ ಕಲಿಸಿ ನಿವೃತ್ತರಾದವರು. ನೌಕರಿ ಇರುವತನಕ ಶಾಲೆಯ ಧ್ವಜ ಏರಿಸುವುದು, ಇಳಿಸುವುದು ಅವರದೇ ಕೆಲಸ. ಮನೆಯ ಮೇಲಿನದನ್ನೂ ಬೆಳಗ್ಗೆ ಏರಿಸಿ, ಸಂಜೆ ಇಳಿಸಿ, ಮಡಚಿ ಕಪಾಟಿನಲ್ಲಿಟ್ಟಿದ್ದರು. "ಹೊತ್ತ ಮುಣುಗಿದ ಮ್ಯಾಲ ಝಂಡಾ ಮ್ಯಾಲ ಇರಬಾರದಲ್ರಿ ಸರ. ಕೈಗೆ ರೂಢಿ ಆಗೇತಿ," ಎಂದರು. ಆ ನಿಯಮ ಬದಲಾಗಿದೆ, ಮನೆಗಳ ಮೇಲೆ ರಾತ್ರಿಯೂ ಇರಬಹುದು ಎಂದು ನಾನು ಹೇಳಿದೆ. ಅವರ ಮುಖ ಸಣ್ಣದಾಯಿತು. "ಹೌದೇನ್ರಿ? ನನಗ ಯಾರೂ ಹೇಳ್ಲೇ ಇಲ್ಲಲ್ರಿ," ಎಂದು ಅವಸರದಿಂದ ಗೋಡೆಗೆ ನಿಚ್ಚಣಿಕೆ ಹಚ್ಚಿದರು. ಒಳಗಿನಿಂದ ಅವರ ಹೆಂಡತಿ ಪೀರಬಿ ಕೂಗಿದರು: "ಏರಸೂದೇನೋ ಏರಸ್ತೀರಿ, ಇಳಸೂದು ಯಾವಾಗಂತ ಅದನ್ನೂ ಸರಗ ಕೇಳ್ಕೋರಿ!" ಮೂವರೂ ನಕ್ಕೆವು.

ಗಣೇಶ ಚೌತಿಯ ಹೊತ್ತಿಗೆ ಓಣಿಯ ಉಳಿದ ಧ್ವಜಗಳು ಇರಲಿಲ್ಲ. ಕೆಲವನ್ನು ಒಳಗಿಟ್ಟರು, ಕೆಲವು ಗಾಳಿಗೆ ಹೋದವು. ಯಾರೂ ಗಮನಿಸಲಿಲ್ಲ. ಮಾಸ್ತರರ ಧ್ವಜ ಮಾತ್ರ ಉಳಿಯಿತು. ಮಳೆ ಬಿಸಿಲಿಗೆ ಕೇಸರಿ ಬಿಳುಪಾಯಿತು, ಹಸಿರಿನ ಅಂಚು ಎಳೆ ಎಳೆಯಾಗಿ ಬಿಚ್ಚಿತು. ಆಗ ಮಾಳಿಂಗ ಅಂಗಡಿಯ ಕಟ್ಟೆಯ ಮೇಲಿಂದಲೇ ಕೇಳಿದ: "ಏನ್ರೀ ಮಾಸ್ತರ, ಹರಕ ಝಂಡಾ ಹಾಂಗ ಬಿಟ್ಟೀರಿ, ಅಪಮಾನ ಅಲ್ಲೇನ್ರಿ ಅದು?" ಅವನು ಕೆಟ್ಟವನಲ್ಲ, ಅಕ್ಕಾ. ಪೀರಬಿಗೆ ಜ್ವರ ಬಂದಾಗ ಮಳೆಯಲ್ಲಿ ನೆನೆದುಕೊಂಡು ಗುಳಿಗೆ ತಂದುಕೊಟ್ಟವನು ಅವನೇ. ಎರಡನ್ನೂ ಒಂದೇ ಹಗುರ ಮನಸ್ಸಿನಿಂದ ಮಾಡುತ್ತಾನೆ. ಇಳಿಸಿಬಿಡಿ ಎಂದು ನಾನು ಮಾಸ್ತರರಿಗೆ ಹೇಳಿದೆ. "ನಾ ಇಳಿಸಿದ್ರ ಇಳಿಸಿದ ಅಂತಾರ, ಬಿಟ್ರ ಹರದೈತಿ ಅಂತಾರ. ನೀವ ಹೇಳ್ರಿ ಸರ, ಹೆಂಗ ಮಾಡ್ಲಿ?" ಎಂದರು. ಸಂಕೇತ, ಸಮುದಾಯ ಎಂದು ನಾನು ಏನೋ ಉದ್ದ ಉತ್ತರ ಕೊಟ್ಟೆ. ಪೂರ್ತಿ ಕೇಳಿ, ಚಹಾ ಕುಡೀರಿ ಎಂದರು.

ಸೊಲ್ಲಾಪುರದಲ್ಲಿ ಗಡಿಯ ಗದ್ದಲ ಎದ್ದಾಗ ನಿಮ್ಮ ಸ್ಕೂಟರಿನ ಮೇಲಿನ ಕೆಂಪು-ಹಳದಿ ಸ್ಟಿಕರನ್ನು ಭಾವನವರು ಬ್ಲೇಡಿನಿಂದ ಕೆರೆದು ತೆಗೆದದ್ದು ಈಚೆಗೆ ನೆನಪಾಗುತ್ತಿರುತ್ತದೆ. "ಯಾಕ ಬೇಕು ಕಿರಿಕಿರಿ," ಎಂದಿದ್ದೆ ನೀನು. ಅಲ್ಲಿ ನಿಮಗೆ ಯಾರೂ ಏನೂ ಅಂದಿರಲಿಲ್ಲ. ಇಲ್ಲಿಯೂ ಯಾರೂ ಹೆಚ್ಚೇನೂ ಅಂದಿಲ್ಲ. ಹೋಲಿಸುವುದು ಸರಿಯಲ್ಲವೇನೋ, ಆದರೂ ಬರೆದಿದ್ದೇನೆ.

ಭಾವನವರಿಗೆ ನಮಸ್ಕಾರ ತಿಳಿಸು. ಸುಶ್ರುತನಿಗೆ ಅವನ ಸೋದರಮಾವ ಇನ್ನೂ ಬದುಕಿದ್ದಾನೆಂದು ಹೇಳು, ಆಶೀರ್ವಾದವನ್ನೂ ಹೇಳು. ಕಾಲಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಡಬೇಡ.

ನಿನ್ನ ತಮ್ಮ,
ಶ್ರೀನಿವಾಸ

ತಾ.ಕ.: ಅಂಚೆಗೆ ಹಾಕಬೇಕೆಂದಿದ್ದೆ, ಈಗ ಸಮಯವಿಲ್ಲ. ನಾಳೆ ಸೊಲ್ಲಾಪುರಕ್ಕೆ ಬರುವ ನಮ್ಮ ಕಾಲೇಜಿನ ಗುಮಾಸ್ತರ ಕೈಯಲ್ಲಿ ಕಳಿಸುತ್ತಿದ್ದೇನೆ. ಲಕೋಟೆ ಅಂಟಿಸುವಾಗ ಪೀರಬಿ ಬಂದರು. ರವಿವಾರ ಮನೆ ಖಾಲಿ ಮಾಡುತ್ತಾರಂತೆ. "ರಾತ್ರಿ ಗಾಳಿ ಬಂತಂದ್ರ ಇವ್ರು ಎದ್ದ ಹೊರಗ ಬರ್ತಾರ್ರಿ, ಝಂಡಾ ಐತಿಲ್ಲೋ ನೋಡಾಕ. ನಿದ್ದೀನೇ ಇಲ್ಲ. ತಾಳಿಕೋಟ್ಯಾಗ ನಮ್ಮ ನಿಷತನ ಮನಿ ಬಾಜೂಕ ಒಂದ ಮನಿ ಸಿಕ್ಕೈತಿ," ಎಂದರು. ನಿಷತ ಅವರ ಮಗಳು. ಹೋಗಬೇಡಿ ಎಂದೆ. "ಮನಿ ನಿಮ್ಮದಲ್ಲಲ್ರಿ ಸರ, ಅಕ್ಕಾರದು," ಎಂದರು. ನಿನ್ನ ಮಾತನ್ನು ಯಾರು ಮುಟ್ಟಿಸಿದರೋ. ಮಾಸ್ತರರನ್ನು ಕೇಳಿ ನಾನೇ ಮೇಲೆ ಹತ್ತಿ ಧ್ವಜ ಇಳಿಸಿದೆ. ಕೆಳಗೆ ನಿಚ್ಚಣಿಕೆ ಹಿಡಿದವನು ಮಾಳಿಂಗ. "ಸಾವಕಾಶ ಇಳೀರಿ ಸರ, ಕಾಲ ಜಾರೀತು," ಎಂದ. ಫೋಟೋ ತೆಗೆಯಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ರವಿವಾರದೊಳಗೆ ಫೋನ್ ಮಾಡು, ಅಕ್ಕಾ. ನನಗಲ್ಲ, ಅವರಿಗೆ.