ಮೀನು ಬಿಟ್ಟವರು

ಗ್ರೀನ್‌ಫರ್ಡ್, ಲಂಡನ್
೧೪ ಅಕ್ಟೋಬರ್ ೨೦೨೪

ಪ್ರೀತಿಯ ಗುಲಾಬಿ ಅಕ್ಕನಿಗೆ ಸುಗುಣಾ ಮಾಡುವ ನಮಸ್ಕಾರಗಳು.

ಬರೆಯಲು ತಡವಾಯಿತು, ಬೈಯಬೇಡ. ಬೈದರೂ ಇಷ್ಟು ದೂರ ಕೇಳಿಸುವುದಿಲ್ಲ ಬಿಡು. ಫೋನಿನಲ್ಲಿ ಅಮ್ಮನ ಸುದ್ದಿ ತೆಗೆದರೆ ನಾನು ಮಾತು ಬೇರೆ ಕಡೆ ತಿರುಗಿಸಿಬಿಡುತ್ತೇನೆ, ಅದಕ್ಕೇ ಈ ಕಾಗದ. ನಿನ್ನ ಮೊಣಕಾಲಿನ ಆಪರೇಷನ್ ಮುಗಿಯುವವರೆಗೆ ಅಮ್ಮ ನನ್ನ ಹತ್ತಿರ ಇರಲಿ ಎಂದು ಕರೆತಂದೆ. ನೀನು ನೋಡಿದರೆ ಆಗಲೇ ಬುಟ್ಟಿ ಹೊತ್ತು ಗಂಗೊಳ್ಳಿ ಮಾರ್ಕೆಟ್ಟಿಗೆ ಹೊರಟಿದ್ದೀಯಂತೆ. ನಿನಗೆ ಬುದ್ಧಿ ಹೇಳುವುದು ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ.

ನನ್ನ ಕೆಲಸ ಏನೆಂದು ಕೇಳಿದ್ದೆಯಲ್ಲ. ಲ್ಯಾಬಿನಲ್ಲಿ ಆರು ಸಾವಿರ ವರ್ಷ ಹಿಂದಿನ ಮಡಕೆ ಚೂರುಗಳನ್ನು ಸಣ್ಣ ಡ್ರಿಲ್ಲಿನಿಂದ ಕೊರೆದು ಪುಡಿ ತೆಗೆಯುತ್ತೇನೆ. ಮಣ್ಣು ಹೀರಿಕೊಂಡ ಜಿಡ್ಡಿನಿಂದ, ಅದರಲ್ಲಿ ಕಾಯಿಸಿದ್ದು ಹಾಲೋ ಮಾಂಸವೋ ಮೀನೋ ಎಂದು ಮಷೀನು ಹೇಳುತ್ತದೆ. ಈ ದೇಶದ ಕಡಲ ದಂಡೆಯವರು ಮೊದಲು ಮೀನು, ಕಪ್ಪೆಚಿಪ್ಪು ತಿಂದು ಬದುಕಿದವರಂತೆ. ದನ, ಧಾನ್ಯ ಬಂದದ್ದೇ ತಡ, ಮಡಕೆಗಳಲ್ಲಿ ಹಾಲೇ ಹಾಲು, ಮೀನಿನ ಗುರುತು ಇಲ್ಲವೆನ್ನುವಷ್ಟು ಕಡಿಮೆ. ಡೆನ್ಮಾರ್ಕ್ ಕಡೆಯವರು ಮಾತ್ರ ಹಾಲೂ ಕಾಯಿಸಿದರು, ಮೀನೂ ಬಿಡಲಿಲ್ಲ. ಸಮುದ್ರ ಎದುರಿಗೇ ಇದ್ದೂ ಇವರು ಯಾಕೆ ಬಿಟ್ಟರು, ಯಾರಾದರೂ ಬೇಡ ಎಂದರೇ ಎಂದು ಪ್ರೊಫೆಸರನ್ನು ಕೇಳಿದೆ. ಅದನ್ನು ಮಡಕೆ ಹೇಳುವುದಿಲ್ಲ ಎಂದರು. ನನಗೆ ನಗು ಬಂತು. ಉಡುಪಿ ಹೋಟೆಲಿನವರ ಮನೆಗೆ ಸೊಸೆಯಾಗಿ ಬಂದು, ಮೀನು ಬಿಟ್ಟು ಹತ್ತೊಂಬತ್ತು ವರ್ಷವಾದ ನನ್ನನ್ನು ಕೇಳಬೇಕಿತ್ತು ಅವರು.

ಅಮ್ಮನಿಗೆ ಮರೆವು ಹೆಚ್ಚಾಗಿದೆ. ನನ್ನನ್ನು ನರ್ಸ್ ಅಂದುಕೊಂಡಿದ್ದಾಳೆ. ಮೊದಲೆರಡು ತಿಂಗಳು ಗಂಜಿ, ಇಡ್ಲಿ ತಿಂದಳು. ಆಮೇಲೆ ತಟ್ಟೆ ದೂಡಿ ದಿನವೂ ಒಂದೇ ಪ್ರಶ್ನೆ: "ಬಂಗ್ಡಿ ಸಾರ್ ಇತ್ತಾ?"

ಈ ಮನೆಯ ಒಲೆಯ ಮೇಲೆ ಮೀನು ಹೇಗೆ ಇಡಲಿ? ಸೌತ್‌ಹಾಲ್‌ನ ಮೀನಂಗಡಿ ಎದುರು ಮೂರು ಸಲ ನಿಂತು, ಬರಿಗೈಯಲ್ಲಿ ಬಸ್ಸು ಹತ್ತಿದೆ. ಮಗಳು ತೃಪ್ತಿ "ಜಸ್ಟ್ ಆಸ್ಕ್ ಡ್ಯಾಡ್" ಎಂದು ಹೇಳಿ ಕಾಲೇಜಿಗೆ ಹೋದಳು. ಅವಳಿಗೇನು ಗೊತ್ತು ಅಂದುಕೊಂಡು, ಬದನೆಕಾಯಿಗೆ ಹುಳಿ ಖಾರ ಜಾಸ್ತಿ ಹಾಕಿ, ಇದೇ ಮೀನು ಎಂದು ಅಮ್ಮನಿಗೆ ಕೊಟ್ಟೆ. ಮೀನು ಮಾರಿ ನಮ್ಮನ್ನು ಸಾಕಿದವಳಿಗೆ ಹಾಗೆ ಮೋಸ ಮಾಡಲಾಗುತ್ತದೆಯೇ? ಉಗುಳಿದಳು.

ಈಗ ಬರೀ ನೀರು, ಅದೂ ಚಮಚದಲ್ಲಿ. ಜಿಪಿ, ಅಂದರೆ ಇಲ್ಲಿಯ ಫ್ಯಾಮಿಲಿ ಡಾಕ್ಟರು, ಬಂದು ನೋಡಿ, ಇನ್ನು ಬಲವಂತ ಮಾಡಬೇಡಿ ಎಂದರು. ನಾನು ಏನು ಮಾಡಲಿ ಹೇಳು. ಕೈ ಹಿಡಿದುಕೊಂಡು ಕೂತಿರುತ್ತೇನೆ, ಅಷ್ಟೇ.

ನಿನ್ನ ಮಕ್ಕಳಿಗೆ ದೇವರು ಒಳ್ಳೆಯದು ಮಾಡಲಿ. ನಿನ್ನ ಆಶೀರ್ವಾದ ನನ್ನ ಮೇಲಿರಲಿ, ಕಾಲು ಜೋಪಾನ.

ನಿನ್ನ ತಂಗಿ,
ಸುಗುಣಾ

ತಾ.ಕ.: ಒಂದು ಸಂಗತಿ ಬಚ್ಚಿಟ್ಟೆ. ಜಿಪಿ ಬಂದುಹೋದ ಮರುದಿನ, ಕೊನೆಗೂ ನಮ್ಮ ಮನೆಯವರನ್ನು ಕೇಳಿದೆ. "ಬೇಡ ಅಂತ ನಾನು ಹೇಳಿದ್ದು ಯಾವಾಗ ಮಾರಾಯ್ತಿ?" ಎಂದರು. ಹೌದು ಅಕ್ಕ, ಯಾರೂ ಹೇಳಿರಲಿಲ್ಲ. ಅವರೇ ಹೋಗಿ ಬಂಗುಡೆ ತಂದುಕೊಟ್ಟರು. ಸಾರು ಮಾಡಿದೆ, ಆದರೆ ಅಮ್ಮನಿಗೆ ನುಂಗಲಾಗಲಿಲ್ಲ. ಬೆರಳು ಅದ್ದಿ ತುಟಿಗೆ ಮುಟ್ಟಿಸಿದೆ. ಚಪ್ಪರಿಸಿದಳು. ಎಷ್ಟೋ ದಿನದ ಮೇಲೆ ನನ್ನ ಗುರುತು ಹಿಡಿದು, "ಸುಗುಣಾ, ಕೈ ತೊಳ್ಕೋ. ನಿನ್ ಅತ್ತಿಗ್ ವಾಸ್ನಿ ಬತ್ತ್" ಎಂದಳು. ಅತ್ತೆ ತೀರಿಕೊಂಡು ಆರು ವರ್ಷವಾಯಿತು.