ಎರಡು ಉಂಗುರದ ಕೊಡತಿ

ಏಪ್ರಿಲ್ 12, ಭಾನುವಾರ

ಬೆಳಗ್ಗೆ ಐದೂಮುಕ್ಕಾಲಿಗೆ ಮೂರು ಹಾರ್ನ್. ಕೊಕ್ಕರೆಯ ಲಾಂಡ್ರಿ ವ್ಯಾನು, ಭಾನುವಾರ ಕೆರೆಗೆ ಮೀನು ಹಿಡಿಯಲು ಕರೆ. ಯಾವತ್ತೂ ಮೂರೇ. ಬೀದಿಯವರೆಲ್ಲ ಶಾಪ ಹಾಕಿದರೂ ಮೂರನೆಯದು ಮುಗಿಯದೆ ಕೈ ತೆಗೆಯುವವನಲ್ಲ. ಉದ್ದ ಕಾಲು, ಉದ್ದ ಕತ್ತು, ಅದಕ್ಕೇ ಶಾಲೆಯಿಂದಲೂ ಅದೇ ಹೆಸರು. ಇಪ್ಪತ್ತು ವರ್ಷದ ಗೆಳೆಯ. ಆರು ವರ್ಷದಿಂದ ಭಾವ. ತಂಗಿಯನ್ನು ಅವನಿಗೇ ಕೊಡೋಣ ಎಂದು ಅಪ್ಪನ ಹತ್ತಿರ ಹಟ ಹಿಡಿದವನು ನಾನೇ.

ಕೆರೆ ನೀರು ಅರ್ಧಕ್ಕೆ ಇಳಿದಿದೆ. ಬಾಸ್ ಮೀನು ದಡದ ನೆರಳಿಗೆ ಬಂದು ನಿಲ್ಲುವ ಕಾಲ. ಬಾಯಿ ದೊಡ್ಡದು, ಬುದ್ಧಿ ಚಿಕ್ಕದು, ಹೊಳೆಯುವುದನ್ನೆಲ್ಲ ನುಂಗುತ್ತದೆ. ನನಗೆ ಐದು, ಅವನಿಗೆ ಮೂರು. ಆ ಹೊಟ್ಟೆಕಿಚ್ಚಿಗೆ ಪಕ್ಕದಲ್ಲಿ ಗಾಳ ಹಾಕಿದ್ದ ಪೇಂಟರ್ ಒಬ್ಬನ ಮೇಲೆ ಬಿದ್ದ. ದಾರ ಅಡ್ಡ ಬಂತಂತೆ. ಮುಖಕ್ಕೇ ಗುದ್ದಿದ — ಮೂಗಲ್ಲಿ ರಕ್ತ. ಬಿದ್ದವನಿಗೆ ನಾನೂ ಒಂದು ಒದೆ ಕೊಟ್ಟೆ. ಗೆಳೆಯ ಹೊಡೆಯುವಾಗ ಕೈಕಟ್ಟಿ ನಿಲ್ಲಬಾರದು ಎಂದಿರಬೇಕು. ಖುಷಿಯೂ ಆಯಿತು, ಸುಳ್ಳೇಕೆ ಬರೆಯಲಿ.

ಮೀನು ಕೊಲ್ಲಲು ಅವನ ಹತ್ತಿರ ಇರುವುದು ನನ್ನ ಮರಗೆಲಸದ ಅಂಗಡಿಯಲ್ಲಿ ನಾನೇ ಕಡೆದುಕೊಟ್ಟ ಕೊಡತಿ. ಗಟ್ಟಿ ಮರದ ಸುತ್ತಿಗೆ, ಗೇಣುದ್ದದ ಹಿಡಿ. ಲೋಳೆಗೆ ಜಾರದಿರಲೆಂದು ತಲೆಯ ಮುಖದಲ್ಲಿ ಎರಡು ಉಂಗುರ ಕೊರೆದಿದ್ದೇನೆ, ಒಂದರೊಳಗೊಂದು. ಯಾವ ಅಂಗಡಿಯಲ್ಲೂ ಸಿಗದ ಮಾಲು. ಕಣ್ಣಿನ ಹಿಂದೆ ಒಂದೇ ಏಟು, ಮೀನಿಗೆ ತಿಳಿಯುವುದರೊಳಗೆ ಮುಗಿಯಬೇಕು. ನಾನು ಕಲಿಸಿದ್ದು ಹಾಗೆ. ಕೊಕ್ಕರೆ ಮಾತ್ರ ನಾಲ್ಕೈದು ಹೊಡೆಯುತ್ತಾನೆ, ಮೆಲ್ಲಗೆ, ಬಿಟ್ಟು ಬಿಟ್ಟು.

"ಲೋ, ಒಂದೇ ಸಲಕ್ಕೆ ಸತ್ತೋದ್ರೆ ಏನೋ ಮಜಾ?" ಎಂದು ನಕ್ಕ. ನಾನೂ ನಕ್ಕೆ.

ಏಪ್ರಿಲ್ 21, ಮಂಗಳವಾರ

ಮಧ್ಯಾಹ್ನ ತಂಗಿ ಅಂಗಡಿಗೆ ಬಂದಿದ್ದಳು, ಸ್ಟೂಲಿನ ಕಾಲು ಹೊಸದು ಹಾಕಿಸಲು. ವಿಪರೀತ ಸೆಖೆ. ಕತ್ತಿನ ಬೆವರು ಒರೆಸಲು ಕಾಲರ್ ಜಗ್ಗಿದಳು. ಭುಜದ ಹಿಂದೆ ನೀಲಿ ಗುರುತು. ದುಂಡಗೆ. ಒಂದರೊಳಗೊಂದು ಎರಡು ಉಂಗುರ.

"ಏನೇ ಇದು?"

"ಬಿದ್ದೆ ಅಣ್ಣ."

"ಬಿದ್ರೆ ಉಂಗುರ ಮೂಡುತ್ತಾ?"

ಕಾಲರ್ ಮೇಲೆಳೆದುಕೊಂಡಳು. "ಸ್ಟೂಲು ಎಷ್ಟೊತ್ತಾಗುತ್ತೆ?"

ನನ್ನ ಉಳಿಯ ಕೆಲಸ. ನನಗೆ ಗುರುತು ಸಿಗದೆ ಇನ್ಯಾರಿಗೆ ಸಿಗಬೇಕು? ಮರ ಕಡೆಯುವ ಲೇತ್ ಹಾಕಿದೆ, ಕಾಲು ಕಡೆದೆ, ಮುಗಿಸಿಕೊಟ್ಟೆ.

ಏಪ್ರಿಲ್ 26, ಭಾನುವಾರ

ಮೂರು ಹಾರ್ನ್. ಹೋದೆ. ಕೇಳಬೇಕೆಂದೇ ಹೋಗಿದ್ದು... ಬೆಳಗ್ಗೆಯಿಂದ ನಾಲಗೆ ತುದಿಯಲ್ಲೇ ಇತ್ತು. ಕೇಳಲಿಲ್ಲ. ನಾಲ್ಕು ಮೀನು.

ಮೇ 3, ಭಾನುವಾರ

ಹೋದೆ. ಕೇಳಲಿಲ್ಲ. ಎರಡು.

ಮೇ 13, ಬುಧವಾರ

ಆಸ್ಪತ್ರೆಯಿಂದ ಫೋನ್. ತಂಗಿ ಕೊಡತಿಯನ್ನು ಕೆರೆಗೆ ಎಸೆದು ಬಂದಿದ್ದಳು. ಅದಕ್ಕೆ ಕೊಕ್ಕರೆ ಅವಳ ಎಡಗೈಯನ್ನು ಬಚ್ಚಲ ಬಾಗಿಲ ಸಂದಿಗೆ ಹಿಡಿದು, ಬಾಗಿಲನ್ನು ಒದ್ದ. ಎರಡು ಸಲ. ಮಣಿಕಟ್ಟು ಪುಡಿ. ನರ್ಸ್ ಹತ್ತಿರ ಅವಳು "ಜಾರಿಬಿದ್ದೆ" ಎಂದಳು. ನರ್ಸ್ ನನ್ನ ಮುಖ ನೋಡಿದಳು, ಮಾಡಿದವನು ನಾನೇ ಎಂಬಂತೆ. ನೋಟ ಪೂರ್ತಿ ತಪ್ಪಲ್ಲ.

ಆಟೋದಲ್ಲಿ ನನ್ನ ಮನೆಗೆ ಕರೆತಂದೆ.

"ಮೊದ್ಲೇ ಯಾಕೆ ಹೇಳ್ಲಿಲ್ಲ?"

"ಗುರುತು ನೋಡಿದ್ಯಲ್ಲ ಅಣ್ಣ. ನೋಡಿದ್ಮೇಲೂ ಭಾನುವಾರ ಭಾನುವಾರ ಅವನ ಜೊತೆ ಹೋಗ್ತಾನೇ ಇದ್ದೆ. ನಿಂಗೂ ಒಪ್ಪಿಗೆ ಇರ್ಬೇಕು ಅಂದ್ಕೊಂಡೆ."

ಪೊಲೀಸ್ ಠಾಣೆಗೆ ಹೋಗೋಣ ಎಂದೆ. ನೋವಿನಲ್ಲೂ ನಗು ಬಂತು ಅವಳಿಗೆ.

"ಅವ್ರ ಯೂನಿಫಾರ್ಮೆಲ್ಲ ಇಸ್ತ್ರಿ ಆಗೋದು ಇವನ ಲಾಂಡ್ರಿಲೇ. ಹೋದ ವರ್ಷ ನಾನೇ ಹೋಗಿದ್ನಲ್ಲ. ಟೀ ಕುಡ್ಸಿ, ಅವನನ್ನೇ ಕರ್ಸಿ, ವ್ಯಾನಲ್ಲಿ ಕೂರ್ಸಿ ಕಳ್ಸಿದ್ರು."

ಹೋದ ವರ್ಷ! ಆಗ ನಾನು ಅವನ ಜೊತೆ ದಡದಲ್ಲಿ ಕೂತು ಹುಳ ಪೋಣಿಸುತ್ತಿದ್ದೆ. ನಾಚಿಕೆಯಾಗುತ್ತಿದೆ. ಈ ಕೈಗಳನ್ನು ಲೇತಿಗೆ ಕೊಡಬೇಕು ಅನಿಸುತ್ತಿದೆ.

ಮೇ 15, ಶುಕ್ರವಾರ

ಕೊಕ್ಕರೆ ಅಂಗಡಿಗೆ ಬಂದ. ಗರಿಗರಿ ಅಂಗಿ, ಬಾಯ್ತುಂಬ ನಗು. ಏನೂ ಆಗದವನ ಹಾಗೆ ಬೆಂಚಿನ ಮೇಲೆ ಕೂತ.

"ಇರ್ಲಿ ಬಿಡೋ, ನಾಕು ದಿನ ಅಣ್ಣನ ಮನೇಲಿದ್ರೆ ಅವಳ ತಲೆ ತಣ್ಣಗಾಗುತ್ತೆ. ಸೋಮವಾರ ಬಂದು ಕರ್ಕೊಂಡು ಹೋಗ್ತೀನಿ."

"ಬರಲ್ಲ ಅಂದ್ರೆ?"

"ಇನ್ನೊಂದು ಕೈ ಇದ್ಯಲ್ಲ." ನನ್ನ ಬೆನ್ನು ತಟ್ಟಿದ. "ಹಾಂ, ಹೊಸ ಕೊಡತಿ ಒಂದು ಕಡ್ಕೊಡೋ. ಈ ಸಲ ತಲೆ ಸ್ವಲ್ಪ ಭಾರ ಇರ್ಲಿ."

ಉಳಿ ಕೈಯಲ್ಲಿತ್ತು. ಅವನ ಗಂಟಲು ಎರಡು ಗೇಣು ದೂರ. ಉಗುಳು ನುಂಗಿದಾಗ ಗಂಟು ಮೇಲೆ ಹೋಗಿ ಕೆಳಗೆ ಬಂತು. ಅದನ್ನೇ ನೋಡುತ್ತಾ "ಭಾನುವಾರಕ್ಕೆ ಕೊಡ್ತೀನಿ" ಎಂದೆ.

ಮೇ 16, ಶನಿವಾರ

ಕಡೆದೆ. ಮಂಚದ ಕಾಲಿಗೆಂದು ತೆಗೆದಿಟ್ಟಿದ್ದ ತುಂಡು, ಕಬ್ಬಿಣದಷ್ಟು ಭಾರ. ಮುಖ ನುಣ್ಣಗೆ ಬಿಟ್ಟಿದ್ದೇನೆ. ಉಂಗುರ ಮೂಡಿದರೆ ಕಡೆದವನು ಯಾರೆಂದು ಗುರುತು ಸಿಗುತ್ತದೆ.

ಕೆರೆಯ ಆಚೆ ದಡದಲ್ಲಿ ಕಲ್ಲು ತೆಗೆದ ಗುಂಡಿಯಿದೆ, ಮೂರಾಳು ಆಳದ ನೀರು. ಕೊಕ್ಕರೆಗೆ ಈಜು ಬರುವುದಿಲ್ಲ. ಮೀನಿನ ಮೇಲೆ ಬಗ್ಗಿದಾಗ, ಕಿವಿಯ ಹಿಂದೆ. ಒಂದೇ ಏಟು.

ಸಂಜೆ ತಂಗಿ ಕೊಡತಿಯನ್ನು ನೋಡಿದಳು. ಎಡಗೈ ಪ್ಲಾಸ್ಟರಿನಲ್ಲಿ, ಬಲಗೈಯಲ್ಲಿ ಎತ್ತಿ ತೂಗಿದಳು. ಹೆಬ್ಬೆರಳಿನಿಂದ ಮುಖ ಸವರಿದಳು.

"ಉಂಗುರ ಮರೆತ್ಯಾ?"

"ಇಲ್ಲ."

ಅವಳಿಗೆ ಅರ್ಥವಾಯಿತು.

"ನಿನ್ನ ಕೈಲಾಗಲ್ಲ ಅಣ್ಣ. ಅವನು ನಕ್ರೆ ನೀನೂ ನಗ್ತೀಯ."

ಕೊಡತಿಯನ್ನು ಅವಳೇ ಚೀಲಕ್ಕೆ ಹಾಕಿದಳು. ಚೀಲ ಬಾಗಿಲ ಹತ್ತಿರ ಇದೆ.

ಮೇ 17, ಭಾನುವಾರ. ಬೆಳಗ್ಗೆ 5.30

ಟೀ ಆಯಿತು. ಗಾಳ, ಬಲೆ, ಹುಳದ ಡಬ್ಬ ಎಲ್ಲ ಬಾಗಿಲ ಹತ್ತಿರ. ನಿದ್ದೆ ಚೆನ್ನಾಗಿ ಬಂದಿತ್ತು, ಆಶ್ಚರ್ಯ. ತಂಗಿ ಇನ್ನೂ ಮಲಗಿರಬೇಕು, ಕೋಣೆಯಲ್ಲಿ ಸದ್ದಿಲ್ಲ. ಏಳುವುದರೊಳಗೆ ಹೋಗಿಬಿಡಬೇಕು. ಇವತ್ತು ಅವನು ನಕ್ಕರೂ ನಗುವುದಿಲ್ಲ. ನಾಳೆ ಸೋಮವಾರ, ಆದರೆ ಯಾರೂ ಅವಳನ್ನು ಕರೆದೊಯ್ಯಲು ಬರುವುದಿಲ್ಲ.

5.45

ಹಾರ್ನ್. ಬಂದ.

ಎರಡು.

...

ಎಂಜಿನ್ ಸದ್ದು ಹಾಗೇ ಇದೆ. ಬೀದಿ ಬಾಗಿಲು ಅರ್ಧ ತೆರೆದಿದೆ, ನಾನು ತೆಗೆದಿದ್ದಲ್ಲ. ಅವಳ ಕೋಣೆಗೆ ಇಣುಕಿದೆ, ಹಾಸಿಗೆ ಮಡಿಸಿಟ್ಟಿದೆ. ಚೀಲ ಎತ್ತಿದೆ. ಹಗುರ, ಒಳಗೆ ಕೊಡತಿ ಇಲ್ಲ.

ಮೂರನೆಯದು ಇನ್ನೂ