ಪಡುವಣದ ಎಲ್ಲೆ

ಮೂಡಬಿದ್ರೆ
6-2-1965

ನನ್ನ ಮುದ್ದಿನ ಮನೋರಮಾ,

ಕಾಲಿನ ಬಾವು ಇಳಿಯಿತೇ? ಊಟ ಸೇರುತ್ತದೆಯೇ? ಆರು ತಿಂಗಳು ತುಂಬುತ್ತ ಬಂತು, ಡಾಕ್ಟರು ಮಲಗಿರಲು ಹೇಳಿದರೂ ನೀನು ಓಡಾಡುತ್ತೀ ಎಂದು ಅಳಿಯ ಸಂಪತ್‌ಕುಮಾರರು ಬರೆದಿದ್ದಾರೆ. ದೂರು ಕೊಟ್ಟರೆಂದು ಅವರ ಮೇಲೆ ಸಿಟ್ಟಾಗಬೇಡ. ನಾನು ಆರೋಗ್ಯವಾಗಿದ್ದೇನೆ, ನಿದ್ದೆಯೊಂದು ಬಿಟ್ಟು.

"ಅಮ್ಮಾ, ಈ ಸಲವಾದರೂ ಬಾ" ಎಂಬ ನಿನ್ನ ಸಾಲು ನನ್ನನ್ನು ಕೂರಲು ಬಿಡುತ್ತಿಲ್ಲ. ಮೊದಲ ಮಗು ಹೋದಾಗ ನಿನ್ನ ಬಳಿ ನಮ್ಮವರು ಯಾರೂ ಇರಲಿಲ್ಲ. ಈಗ ತವರಿಗೆ ಕರೆಸೋಣವೆಂದರೆ ನಿನಗೆ ಪ್ರಯಾಣ ಕೂಡದು. ಬರಬೇಕಾದವಳು ನಾನೇ. ನಿನ್ನೆ ಶಾಲೆಯಿಂದ ಭೂಗೋಳದ ಗುಂಡು ತರಿಸಿ, ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಹಾಗೆ ನೂಲು ಹಿಡಿದು ಅಳೆದೆ. ಬಜಪೆಯಿಂದ ಬೊಂಬಾಯಿಗೆ ಸುಮಾರು ನಾನೂರ ಮೂವತ್ತು ಮೈಲಿ, ಮೂರು ಗಂಟೆ. ಅಲ್ಲಿಂದ ನೀನಿರುವ ನೈರೋಬಿಗೆ ಎರಡು ಸಾವಿರದ ಎಂಟುನೂರು ಮೈಲಿ, ಜೆಟ್ ವಿಮಾನದಲ್ಲಿ ಬರೀ ಆರು ಗಂಟೆಯಂತೆ! ಹಿಂದೆ ಮೊಂಬಾಸಕ್ಕೆ ಹಡಗಿನಲ್ಲಿ ಹತ್ತು ದಿನ ತೂಗಾಡಿಕೊಂಡು ಹೋಗಿದ್ದ ಬಂಟ್ವಾಳದ ಜವಳಿ ಅಂಗಡಿಯ ಸುಲೈಮಾನರು ನನ್ನ ನೂಲು ನೋಡಿ ನಕ್ಕುಬಿಟ್ಟರು. "ಮೈಲಿ ನಿಮಗೆ ಯಾಕೆ ಅಮ್ಮಾ? ಓಡಿಸುವುದು ನೀವು ಅಲ್ಲವಲ್ಲ ಮಾರಾಯ್ರೆ!"

ಯಾಕೆಂದು ನಿನಗೆ ಗೊತ್ತು. ನಿನ್ನ ಅಪ್ಪ ತೀರಿಕೊಂಡ ವರ್ಷ ಮುನಿಗಳ ಮುಂದೆ ದಿಗ್ವ್ರತ ತೆಗೆದುಕೊಂಡೆ, ಒಂದೊಂದು ದಿಕ್ಕಿಗೂ ಒಂದೊಂದು ಎಲ್ಲೆ ಇಟ್ಟುಕೊಂಡು ಬದುಕಿರುವವರೆಗೆ ಅದನ್ನು ದಾಟುವುದಿಲ್ಲ ಎಂದು. ಉತ್ತರಕ್ಕೆ ಬಿಹಾರದ ಶಿಖರ್ಜಿ ಕ್ಷೇತ್ರ, ಪಡುವಣಕ್ಕೆ ಕಡಲ ದಂಡೆ, ಮೇಲಕ್ಕೆ ಶಿಖರ್ಜಿ ಬೆಟ್ಟದ ತುದಿ. ಮನುಷ್ಯರು ಮೇಲಕ್ಕೆ ಇನ್ನೆಷ್ಟು ಹೋದಾರು ಎಂದುಕೊಂಡಿದ್ದೆ. ಆಗ ನಿನಗೆ ಹತ್ತು ವರ್ಷ. ಆ ದುಃಖದಲ್ಲಿ ಲೋಕ ಚಿಕ್ಕದಾದಷ್ಟೂ ನೆಮ್ಮದಿ ಎನಿಸಿತ್ತು. ಅದು ವೈರಾಗ್ಯವೋ ಹೆದರಿಕೆಯೋ ಎಂದು ಹದಿಮೂರು ವರ್ಷ ನನ್ನನ್ನು ನಾನು ಕೇಳಿಕೊಳ್ಳಲಿಲ್ಲ.

ಶಿಖರ್ಜಿ ಯಾತ್ರೆ ಬಿಟ್ಟುಕೊಟ್ಟು, ಆ ಸಾವಿರ ಮೈಲಿಯನ್ನು ಪಡುವಣಕ್ಕೆ ಸೇರಿಸಬಹುದೇ ಎಂದು ಬಸದಿಯ ಪೂಜೆಯ ಪದ್ಮಯ್ಯನವರನ್ನು ಕೇಳಿದೆ. "ಅದನ್ನೇ ಮಾಡಬಾರದು ಅಂತ ಶಾಸ್ತ್ರದಲ್ಲಿ ಉಂಟು ಅಕ್ಕಾ. ನಿಮಗಿಂತ ಮೊದಲೇ ಯಾರೋ ಕೇಳಿರಬೇಕು" ಎಂದರು. ನಕ್ಕೆ. ಮನೆಗೆ ಬರುವಾಗ ನಾಚಿಕೆಯಾಯಿತು. ನಾನು ಹುಡುಕುತ್ತಿದ್ದದ್ದು ಬರುವ ದಾರಿಯನ್ನೋ, ಬಾರದಿರಲು ನೆವವನ್ನೋ?

ನಿನ್ನ ಹೆಸರಿನಲ್ಲಿ ಅಭಿಷೇಕ ಮಾಡಿಸಿದ್ದೇನೆ. ಸ್ವಾಮಿ ನಿಮ್ಮಿಬ್ಬರನ್ನೂ, ಹೊಟ್ಟೆಯೊಳಗಿನ ಕೂಸನ್ನೂ ಕಾಯಲಿ. ಸಂಪತ್‌ಕುಮಾರರಿಗೆ ನನ್ನ ನೆನಪು ಹೇಳು.

ನಿನ್ನನ್ನೇ ನೆನೆಯುತ್ತಿರುವ
ಅಮ್ಮ

ಕಾಗದ ಅಂಟಿಸುವ ಮೊದಲು ಇಷ್ಟು: ಈಗಷ್ಟೇ ಬಸದಿಯಿಂದ ಬಂದೆ. ಪಾಸ್‌ಪೋರ್ಟಿನ ಅರ್ಜಿಗೆ ರುಜು ಹಾಕಿ ಆಯಿತು, ಬರುತ್ತೇನೆ. ಒಂದು ದಿಕ್ಕನ್ನು ಕಡಿದು ಇನ್ನೊಂದಕ್ಕೆ ಜೋಡಿಸಲಿಲ್ಲ. "ವ್ರತ ಮುರಿಯುತ್ತೇನೆ, ಗೊತ್ತಿದ್ದೇ ಮುರಿಯುತ್ತೇನೆ. ತಿರುಗಿ ಬಂದು ಪ್ರಾಯಶ್ಚಿತ್ತ ಮಾಡ್ತೇನೆ" ಎಂದು ಪದ್ಮಯ್ಯನವರಿಗೆ ಹೇಳಿದೆ. ನಾನು ಮೆಟ್ಟಿಲಿಳಿಯುವಾಗ ಅವರು ಹಿಂದಿನಿಂದ ಕೂಗಿದರು: "ಅಕ್ಕಾ, ಅಲ್ಲಿ ಚಳಿ ಉಂಟಂತೆ. ಶಾಲು ತಕ್ಕೊಳ್ಳಿ."